ಸೋತ ಆಯುಧದ ಯೋಗಕ್ಷೇಮ



ಸಂಗ್ರಹದ ಹವ್ಯಾಸವು ಲೋಕದಲ್ಲಿ ನಾನಾ ರೂಪಗಳನ್ನು ತಾಳಿದೆ. ಒಬ್ಬನು ಅಂಚೆಚೀಟಿಗಳನ್ನು ಕೂಡಿಡುವನು. ಇನ್ನೊಬ್ಬನು ಸವೆದ ನಾಣ್ಯಗಳನ್ನು ಭೂತಗನ್ನಡಿಯ ಕೆಳಗಿಟ್ಟು ಅಕ್ಷರಗಳನ್ನು ಬಿಡಿಸಿ ಓದುವನು. ಮತ್ತೊಬ್ಬನು ಅಜ್ಜಿಯ ಕಾಲದ ಹಿತ್ತಾಳೆಯ ದೀಪಗಳನ್ನು ಸಾಲಾಗಿ ನಿಲ್ಲಿಸಿ ಆನಂದಪಡುವನು. ಇವುಗಳಿಂದ ಮನೆಯಲ್ಲಿ ಸ್ಥಳವು ಸ್ವಲ್ಪ ಇಕ್ಕಟ್ಟಾಗಬಹುದು, ಹಣವೂ ಕೆಲಮಟ್ಟಿಗೆ ವ್ಯಯವಾಗಬಹುದು. ಅದಕ್ಕಿಂತ ಹೆಚ್ಚಿನ ಅಪಾಯವೇನೂ ಇಲ್ಲ. ಆದರೆ ಕೂಡಿಡುವ ವಸ್ತುವು ಪ್ರಾಣಹರಣಕ್ಕಾಗಿಯೇ ನಿರ್ಮಿತವಾದ ಆಯುಧವಾಗಿದ್ದರೆ ಮಾತು ಬೇರೆಯಾಗುತ್ತದೆ. ಕೊಲ್ಲುವ ವಸ್ತುವನ್ನು ಪ್ರೀತಿಯಿಂದ ಒರಸಿ, ಎಣ್ಣೆ ಸವರಿ, ಮಖಮಲ್ಲಿನ ಪೆಟ್ಟಿಗೆಯಲ್ಲಿ ಮಲಗಿಸುವ ಮನುಷ್ಯನ ಮನಸ್ಸಿನಲ್ಲಿರತಕ್ಕ ಭಾವವೇನು? ಅದು ಹಿಂಸೆಯ ಮೋಹವೋ, ಅಥವಾ ಅದರಲ್ಲಿ ಮತ್ತೇನಾದರೂ ಸಾರವುಂಟೋ? ಈ ತಿಂಗಳು ಇದನ್ನೇ ವಿಚಾರಕ್ಕೆ ತೆಗೆದುಕೊಳ್ಳೋಣ.

ವಿಚಾರವು ಗಾಳಿಯಲ್ಲಿ ತೇಲಬಾರದೆಂದು ಒಂದೇ ಒಂದು ಆಯುಧವನ್ನು ನಿದರ್ಶನಕ್ಕಾಗಿ ಆರಿಸಿಕೊಂಡಿದ್ದೇನೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ವೆಬ್ಲಿ ಅಂಡ್ ಸ್ಕಾಟ್ ಎಂಬ ಕಾರ್ಖಾನೆಯವರು 1901ರಿಂದ ತಯಾರಿಸತೊಡಗಿದ ‘ವೆಬ್ಲಿ-ಫಾಸ್ಬೆರಿ’ ಎಂಬ ರಿವಾಲ್ವರೇ ಅದು. ಮೊದಲನೆಯ ಮಹಾಯುದ್ಧದ ನಡುವೆಯೇ ಅದರ ತಯಾರಿಕೆಯು ಬಹುಮಟ್ಟಿಗೆ ನಿಂತುಹೋಯಿತು. 1924ರ ಹೊತ್ತಿಗೆ ಅದು ಪೂರ್ತಿಯಾಗಿಯೇ ನಿಂತಿತು. ಅಷ್ಟು ಕಾಲದಲ್ಲಿ ತಯಾರಾದವು ಒಟ್ಟು 5,000ಕ್ಕಿಂತ ಕಡಮೆ. ಅದೇ ಕಾರ್ಖಾನೆಯ ಸಾಧಾರಣ ರಿವಾಲ್ವರಾದರೋ 1887ರಲ್ಲಿ ಬ್ರಿಟಿಷ್ ಸೇನೆಯನ್ನು ಸೇರಿ, ಲಕ್ಷಗಟ್ಟಲೆಯಾಗಿ ಹೊರಬಿದ್ದು, ಎರಡನೆಯ ಮಹಾಯುದ್ಧದವರೆಗೂ ಸೇವೆಯಲ್ಲಿದ್ದಿತು. ಒಂದೇ ಮನೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬನು ದೀರ್ಘಾಯು, ಮತ್ತೊಬ್ಬನು ಅಲ್ಪಾಯು. ಸಂಗ್ರಾಹಕರು ಇಂದು ಹಂಬಲಿಸಿ ಹುಡುಕುವುದು ಅಲ್ಪಾಯುವಾದ ಈ ಎರಡನೆಯವನನ್ನೇ.

ಇದನ್ನು ಕಲ್ಪಿಸಿದವನು ಜಾರ್ಜ್ ವಿನ್ಸೆಂಟ್ ಫಾಸ್ಬೆರಿ. 1832ರಲ್ಲಿ ಜನಿಸಿದ ಈತನು 1852ರಲ್ಲಿ ಬಂಗಾಳದ ಸೇನೆಯನ್ನು ಸೇರಿ, 1877ರಲ್ಲಿ ನಿವೃತ್ತನಾದನು. ಬ್ರಿಟಿಷರು ಶೌರ್ಯಕ್ಕಾಗಿ ಕೊಡುತ್ತಿದ್ದ ಪರಮ ಗೌರವವಾದ ವಿಕ್ಟೋರಿಯಾ ಕ್ರಾಸ್ ಪದಕವು ಈತನಿಗೆ ದೊರೆತದ್ದು ನಮ್ಮ ಉಪಖಂಡದ ವಾಯವ್ಯದ ಗಡಿಯಲ್ಲಿ ನಡೆದ ಒಂದು ಕದನದಿಂದ. ಅದರ ವಿಷಯವನ್ನು ಮುಂದೆ ಹೇಳುವೆನು. ಸೇನೆಯನ್ನು ಬಿಟ್ಟ ಮೇಲೆ ಆತನು ಕೋವಿಗಳ ರಚನೆಯಲ್ಲಿಯೇ ಬುದ್ಧಿಯನ್ನು ತೊಡಗಿಸಿದನು. 1885ರ ಸುಮಾರಿನಲ್ಲಿ ಆತನು ಕಲ್ಪಿಸಿದ ಒಂದು ಬೇಟೆಯ ಕೋವಿಗೆ ‘ಪ್ಯಾರಡಾಕ್ಸ್’ ಎಂದು ಹೆಸರು. ಅದರ ನಳಿಗೆಯು ಉದ್ದಕ್ಕೂ ನುಣುಪಾಗಿದ್ದು, ತುದಿಯ ಕೆಲವು ಅಂಗುಲಗಳಲ್ಲಿ ಮಾತ್ರ ಸುರುಳಿಗೆರೆಗಳಿಂದ ಕೂಡಿರುವುದು. ಆದ್ದರಿಂದ ಹಕ್ಕಿಗೆ ಹಾರಿಸುವ ಚರೆಯನ್ನೂ ಹುಲಿಗೆ ಹಾರಿಸುವ ಗುಂಡನ್ನೂ ಒಂದೇ ಕೋವಿಯಿಂದ ಬಿಡಬಹುದಾಗಿತ್ತು. ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆಯವರು ಅದನ್ನು ಮಾರಿದರು. ಭಾರತದ ಕಾಡುಗಳಲ್ಲಿ ಬೇಟೆಯಾಡುತ್ತಿದ್ದವರಿಗೆ ಅದು ಬಹು ಮೆಚ್ಚುಗೆಯಾಗಿತ್ತು. ಆ ಹೆಸರಿನ ಅರ್ಥವನ್ನು ನಮ್ಮ ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ‘ವಿರೋಧಾಭಾಸ’. ಮೇಲ್ನೋಟಕ್ಕೆ ಪರಸ್ಪರ ವಿರುದ್ಧವಾದ ಎರಡು ಧರ್ಮಗಳು ಒಂದೇ ವಸ್ತುವಿನಲ್ಲಿ ಹೊಂದಿಕೊಂಡಿರುವಂತೆ ತೋರುವುದೇ ವಿರೋಧಾಭಾಸವಷ್ಟೆ. ಫಾಸ್ಬೆರಿಯ ಬುದ್ಧಿಗೆ ಈ ಅಲಂಕಾರವೇ ಪ್ರಿಯವಾಗಿದ್ದಿತೆಂದು ತೋರುತ್ತದೆ. ಏಕೆಂದರೆ ಆತನ ರಿವಾಲ್ವರೂ ಅಂಥದೇ ಒಂದು ವಿರೋಧಾಭಾಸವು.

ಇದನ್ನು ತಿಳಿಯಬೇಕಾದರೆ ಸಾಧಾರಣವಾದ ರಿವಾಲ್ವರಿನ ಕ್ರಮವನ್ನು ಮೊದಲು ತಿಳಿಯಬೇಕು. ನಮ್ಮ ಪ್ರಾಚೀನರು ಆಯುಧಗಳನ್ನು ವಿಂಗಡಿಸುವಾಗ ಕೈಯಲ್ಲಿಯೇ ಹಿಡಿದು ಹೊಡೆಯುವುದನ್ನು ಅಮುಕ್ತವೆಂದೂ, ಕೈಯಿಂದ ಎಸೆಯುವುದನ್ನು ಮುಕ್ತವೆಂದೂ, ಯಂತ್ರದ ಬಲದಿಂದ ಬಿಡುವುದನ್ನು ಯಂತ್ರಮುಕ್ತವೆಂದೂ ಕರೆದರು. ರಿವಾಲ್ವರು ಯಂತ್ರಮುಕ್ತವರ್ಗಕ್ಕೆ ಸೇರಿದ್ದು. ಅದರ ನಡುವೆ ತಿರುಗುವ ಉರುಳೆಯೊಂದುಂಟು. ಉರುಳೆಯಲ್ಲಿ ಸಾಧಾರಣವಾಗಿ ಆರು ಗೂಡುಗಳು, ಗೂಡಿಗೊಂದು ತೋಟಾ. ಒಂದು ಗುಂಡು ಹಾರಿದ ಮೇಲೆ ಉರುಳೆಯು ತಿರುಗಿ ಮುಂದಿನ ಗೂಡು ನಳಿಗೆಯ ನೇರಕ್ಕೆ ಬರಬೇಕು. ತೋಟಾವನ್ನು ಬಡಿಯುವ ಪುಟ್ಟ ಸುತ್ತಿಗೆಯು ಹಿಂದಕ್ಕೆ ಸರಿದು ನಿಲ್ಲಬೇಕು. ಈ ಎರಡು ಕೆಲಸಗಳನ್ನೂ ಮಾಡಬೇಕಾದುದು ಹಾರಿಸುವವನ ಬೆರಳು. ಕುದುರೆಯೊಂದನ್ನೇ ಎಳೆದು ಎಲ್ಲವನ್ನೂ ಮಾಡಿಸಬೇಕಾದರೆ ಎಳೆತವು ಭಾರವಾಗುತ್ತದೆ. ಎಳೆತವು ಭಾರವಾದರೆ ಕೈ ಅಲುಗುತ್ತದೆ. ಕೈ ಅಲುಗಿದರೆ ಗುರಿ ತಪ್ಪುತ್ತದೆ.

ಫಾಸ್ಬೆರಿಯು ವಿಚಾರಮಾಡಿದ್ದು ಹೀಗೆ: ಗುಂಡು ಮುಂದಕ್ಕೆ ಹಾರಿದಾಗ ಆಯುಧವು ಹಿಂದಕ್ಕೆ ಒದೆಯುತ್ತದೆ. ದೋಣಿಯಿಂದ ದಡಕ್ಕೆ ಹಾರಿದವನು ದೋಣಿಯನ್ನು ಹಿಂದಕ್ಕೆ ತಳ್ಳುವಂತೆಯೇ ಇದು. ಈ ಒದೆತವು ಕೈಯನ್ನು ನೋಯಿಸಿ ವ್ಯರ್ಥವಾಗುತ್ತದೆಯಲ್ಲವೆ? ವ್ಯರ್ಥವಾಗುವ ಈ ಬಲದಿಂದಲೇ ಬೆರಳಿನ ಕೆಲಸವನ್ನು ಏಕೆ ಮಾಡಿಸಬಾರದು? ಒದೆತವನ್ನು ದುಡಿಮೆಗೆ ಹಚ್ಚುವ ಉಪಾಯವನ್ನು 1884ರಲ್ಲಿಯೇ ಹೈರಮ್ ಮ್ಯಾಕ್ಸಿಮ್ ಎಂಬಾತನು ತನ್ನ ಮೆಷಿನ್‌ಗನ್ನಿನಲ್ಲಿ ಸಾಧಿಸಿದ್ದನು. ಫಾಸ್ಬೆರಿಯು ಅದೇ ತತ್ತ್ವವನ್ನು ರಿವಾಲ್ವರಿಗೆ ಅನ್ವಯಿಸಿ 1895ರಲ್ಲಿ ಸ್ವಾಮ್ಯದ ಸನದನ್ನು ಪಡೆದನು.

ಆತನ ರಚನೆಯು ಬಹು ಸರಸವಾದುದು. ಆಯುಧವನ್ನು ಎರಡು ಭಾಗಗಳಾಗಿ ಮಾಡಿದನು. ಹಿಡಿಯು ಕೈಯಲ್ಲಿ ಸ್ಥಿರವಾಗಿರುವುದು; ನಳಿಗೆ, ಉರುಳೆಗಳುಳ್ಳ ಮೇಲಿನ ಭಾಗವು, ಮಕ್ಕಳ ಬಳಪದ ಪೆಟ್ಟಿಗೆಯ ಜಾರುಮುಚ್ಚಳದಂತೆ, ಹಿಡಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಸರಿಯುವುದು. ಉರುಳೆಯ ಹೊರಮೈಯಲ್ಲಿ ಅಂಕುಡೊಂಕಾದ ಕಾಲುವೆಗಳನ್ನು ಕೊರೆಯಿಸಿದನು. ಹಿಡಿಯಲ್ಲಿ ನಾಟಿದ ಒಂದು ಮೊಳೆಯು ಆ ಕಾಲುವೆಯಲ್ಲಿ ಕುಳಿತಿರುವುದು. ಗುಂಡು ಹಾರಿದೊಡನೆ ಒದೆತದಿಂದ ಮೇಲಿನ ಭಾಗವು ಹಿಂದಕ್ಕೆ ಜಾರುತ್ತದೆ. ಸುತ್ತಿಗೆಯು ತಾನಾಗಿ ಹಿಂದೆ ಸರಿದು ನಿಲ್ಲುತ್ತದೆ. ಮೊಳೆಯು ಓರೆಯಾದ ಕಾಲುವೆಯಲ್ಲಿ ಹರಿದು ಉರುಳೆಯನ್ನು ಹನ್ನೆರಡರಲ್ಲಿ ಒಂದು ಪಾಲು ತಿರುಗಿಸುತ್ತದೆ. ಒಳಗಿನ ಸ್ಪ್ರಿಂಗು ಮೇಲಿನ ಭಾಗವನ್ನು ಮತ್ತೆ ಮುಂದಕ್ಕೆ ತಳ್ಳುವಾಗ ಉಳಿದ ಹನ್ನೆರಡರಲ್ಲಿ ಒಂದು ಪಾಲೂ ಪೂರೈಸುತ್ತದೆ. ಎರಡೂ ಸೇರಿ ಆರನೆಯ ಒಂದು ಪಾಲು. ಮುಂದಿನ ಗೂಡು ನಳಿಗೆಯ ನೇರಕ್ಕೆ ಬಂದು ನಿಂತಿತು! ಬೆರಳಿಗೆ ಉಳಿದದ್ದು ಕುದುರೆಯ ಹಗುರವಾದ ಎಳೆತವೊಂದೇ. ಹೀಗೆ ಸದಾ ಸಿದ್ಧವಾಗಿ ನಿಲ್ಲುವ ಆಯುಧವು ಕೈತಪ್ಪಿ ಹಾರಬಾರದೆಂದು, ರಿವಾಲ್ವರುಗಳಲ್ಲಿ ಅಪರೂಪವಾದ ತಡೆಕೀಲಿಯನ್ನೂ ಇದಕ್ಕೆ ಇಟ್ಟರು. ತಿರುಗುವ ಉರುಳೆಯುಳ್ಳ ಹಳೆಯ ಜಾತಿಯ ಆಯುಧವಾಗಿದ್ದು ತಾನೇ ತಾನಾಗಿ ಸಜ್ಜಾಗುವ ಹೊಸ ಜಾತಿಯ ಧರ್ಮವನ್ನೂ ಪಡೆದದ್ದೇ ಇದರ ವಿರೋಧಾಭಾಸವು.

1900ರ ಜುಲೈ ತಿಂಗಳಿನಲ್ಲಿ ಇಂಗ್ಲೆಂಡಿನ ಬಿಸ್ಲಿ ಎಂಬ ಸ್ಥಳದ ಗುರಿಸ್ಪರ್ಧೆಯಲ್ಲಿ ಇದನ್ನು ಜನರ ಮುಂದಿಟ್ಟರು. ವಾಲ್ಟರ್ ವಿನಾನ್ಸ್ ಎಂಬ ಅಮೆರಿಕದ ಪ್ರಸಿದ್ಧ ಗುರಿಕಾರನು ಇದನ್ನು ಮೆಚ್ಚಿಕೊಂಡು, 1902ರ ಸುಮಾರಿನಲ್ಲಿ, 12 ಹೆಜ್ಜೆಗಳ ದೂರದಿಂದ 2 ಅಂಗುಲದ ವೃತ್ತದೊಳಕ್ಕೆ 7 ಸೆಕೆಂಡುಗಳಲ್ಲಿ ಆರು ಗುಂಡುಗಳನ್ನೂ ಹೊಡೆದನು. ಈತನು ಒಲಿಂಪಿಕ್ ಕ್ರೀಡೆಗಳಲ್ಲಿ 1908ರಲ್ಲಿ ಗುರಿವಿದ್ಯೆಗೆ ಚಿನ್ನದ ಪದಕವನ್ನೂ, 1912ರಲ್ಲಿ ಶಿಲ್ಪಕಲೆಗೆ ಚಿನ್ನದ ಪದಕವನ್ನೂ ಪಡೆದ ವಿಚಿತ್ರ ಪ್ರತಿಭಾಶಾಲಿ. ಇಂಥವನು ಕೊಂಡಾಡಿದ ಆಯುಧವು ಲೋಕವನ್ನೇ ಗೆದ್ದಿರಬೇಕೆಂದು ನಾವು ಎಣಿಸುವುದು ಸಹಜ.

ಆದರೆ ಅದು ಗೆಲ್ಲಲಿಲ್ಲ. ಮೈದಾನದ ಹುಲ್ಲಿನ ಮೇಲೆ ನಿಂತು ಹಾರಿಸುವಾಗ ಗುಣವಾಗಿದ್ದದ್ದು ರಣರಂಗದಲ್ಲಿ ದೋಷವಾಯಿತು. ಜಾರುವ ಭಾಗಗಳಿಗೂ ತೆರೆದ ಕಾಲುವೆಗಳಿಗೂ ಧೂಳು ಕೆಸರುಗಳೇ ಶತ್ರು. ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ಕೆಸರಿಗೆ ಕೊರತೆಯಿರಲಿಲ್ಲ. ಹಿಡಿತವು ಸಡಿಲವಾದರೆ ಒದೆತದ ಬಲವು ಕೈಯೊಡನೆಯೇ ಹಿಂದೆ ಸರಿದು ಮೇಲಿನ ಭಾಗವು ಪೂರ್ತಿಯಾಗಿ ಜಾರುತ್ತಿರಲಿಲ್ಲ. ಗಾಯಗೊಂಡ ಅಥವಾ ದಣಿದ ಕೈಗೆ ಇದು ತಕ್ಕುದಲ್ಲ. ತೂಕವೋ ಸುಮಾರು ಒಂದೂಕಾಲು ಕಿಲೋಗ್ರಾಂ. ಸೇನೆಯು ಇದನ್ನು ತನ್ನ ಆಯುಧವೆಂದು ಎಂದಿಗೂ ಅಂಗೀಕರಿಸಲಿಲ್ಲ. ಸೇನೆಯ ತೋಟಾ ಹೊಂದುವ ಯಾವ ಕೈಕೋವಿಯನ್ನಾದರೂ ಅಧಿಕಾರಿಗಳು ಸ್ವಂತ ಹಣದಿಂದ ಕೊಳ್ಳಬಹುದೆಂಬ ನಿಯಮವಿದ್ದುದರಿಂದ ಕೆಲವರು ಕೊಂಡರು, ಅಷ್ಟೆ. ಇಷ್ಟರಲ್ಲಿ ಉರುಳೆಯೇ ಇಲ್ಲದ, ಹಿಡಿಯೊಳಗೆ ತೋಟಾಗಳನ್ನು ತುಂಬುವ ಹೊಸ ಪಿಸ್ತೂಲುಗಳು ಬಂದವು. 1911ರಲ್ಲಿ ಅಮೆರಿಕದ ಸೇನೆಯು ಜಾನ್ ಬ್ರೌನಿಂಗನು ರಚಿಸಿದ ಪಿಸ್ತೂಲನ್ನು ಅಂಗೀಕರಿಸಿತು. ಹೊಸತನವು ಬೇಕಾದವರು ಅತ್ತ ಹೋದರು. ನಂಬಿಕೆಯು ಬೇಕಾದವರು ಹಳೆಯ ರಿವಾಲ್ವರಿನಲ್ಲಿಯೇ ಉಳಿದರು. ನಡುವೆ ನಿಂತ ಫಾಸ್ಬೆರಿಯ ಕೂಸನ್ನು ಎತ್ತಿಕೊಳ್ಳುವವರು ಇಲ್ಲದೆಹೋದರು. ಆತನು 1907ರಲ್ಲಿಯೇ ತೀರಿಕೊಂಡನಾಗಿ ಈ ಪರ್ಯವಸಾನವನ್ನು ಕಾಣಲಿಲ್ಲ.

ಈಗ ಮೂಲಪ್ರಶ್ನೆಗೆ ಬರೋಣ. ಸೋತುಹೋದ ಈ ಯಂತ್ರವನ್ನು ಜನರು ಏಕೆ ಹುಡುಕುತ್ತಾರೆ? ‘ವಿರಳವಾದ್ದರಿಂದ’ ಎಂಬುದು ಸುಲಭವಾದ ಉತ್ತರ. ಆದರೆ ಅದು ಪೂರ್ಣವಾದುದಲ್ಲ. ವಿರಳತೆಯು ಸ್ವತಃ ಗುಣವಲ್ಲ. ಎರಡು ತಲೆಯ ಕರುವೂ ವಿರಳವೇ. ಅದನ್ನು ಯಾರೂ ಕೊಟ್ಟಿಗೆಗೆ ಬಯಸುವುದಿಲ್ಲ. ಈ ರಿವಾಲ್ವರಿನ ವಿರಳತೆಯಂತೂ ಅದರ ಸೋಲಿನ ಫಲವೇ ಹೊರತು ಬೇರೆಯಲ್ಲ. ಗೆದ್ದಿದ್ದರೆ ಅದೂ ಲಕ್ಷಗಟ್ಟಲೆಯಾಗಿ ಇರುತ್ತಿತ್ತು.

ಉಪಾಧ್ಯಾಯವೃತ್ತಿಯಲ್ಲಿ ವರ್ಷಗಳನ್ನು ಕಳೆದವರೆಲ್ಲರಿಗೂ ಒಂದು ಬಗೆಯ ಉತ್ತರಪತ್ರಿಕೆಯ ಪರಿಚಯವುಂಟು. ಲೆಕ್ಕದ ಕ್ರಮವು ಸೊಗಸಾಗಿದೆ. ಒಂದೊಂದು ಮೆಟ್ಟಿಲಿನಲ್ಲಿಯೂ ಹುಡುಗನ ಸ್ವಂತ ಬುದ್ಧಿಯು ಹೊಳೆಯುತ್ತದೆ. ಆದರೆ ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ. ನಿಯಮದ ಪ್ರಕಾರ ಅಂಕಗಳು ಸಲ್ಲುವುದಿಲ್ಲ. ಆದರೂ ಕಟ್ಟಿನಲ್ಲಿ ನೂರು ಸರಿಯಾದ ಉತ್ತರಗಳಿದ್ದರೂ, ರಾತ್ರಿ ಮಲಗುವ ಮುನ್ನ ನೆನಪಿಗೆ ಬರುವುದು ಆ ಒಂದು ಪತ್ರಿಕೆಯೇ. ಗೆದ್ದ ವಸ್ತುಗಳು ಮುಂದಿನವುಗಳಲ್ಲಿ ಬೆರೆತು ಬಾಳುತ್ತವೆ. ಅವನ್ನು ಯಾರೂ ಪ್ರತ್ಯೇಕವಾಗಿ ಕಾಪಾಡಬೇಕಾದ್ದಿಲ್ಲ. ಸೋತ ವಿಚಾರಕ್ಕೆ ಮುಂದಿನ ಸಂತತಿಯಿಲ್ಲ. ಅದು ಉಳಿಯಬೇಕಾದರೆ ಯಾರಾದರೂ ಉಳಿಸಬೇಕು. ಒಳ್ಳೆಯ ಸಂಗ್ರಾಹಕನು ಮಾಡುವ ಕೆಲಸವಿದು. ಮನುಷ್ಯನು ಎತ್ತ ಹೊರಟು ಎಲ್ಲಿ ನಿಂತನೆಂಬುದಕ್ಕೆ ಅವನು ಸಾಕ್ಷ್ಯವನ್ನು ಕಾಪಾಡುವನು.

ನಮ್ಮ ಶಾಸ್ತ್ರಜ್ಞರು ದೊರೆಯದುದನ್ನು ದೊರಕಿಸಿಕೊಳ್ಳುವುದಕ್ಕೆ ಯೋಗವೆಂದೂ, ದೊರೆತುದನ್ನು ರಕ್ಷಿಸುವುದಕ್ಕೆ ಕ್ಷೇಮವೆಂದೂ ಹೆಸರಿಟ್ಟಿದ್ದಾರೆ. ಸಂಗ್ರಹಕ್ಕೆ ಈ ಎರಡೂ ಬೇಕು.

ಯೋಗಕ್ಕೆ ಮುಖ್ಯವಾದುದು ಹಣವಲ್ಲ, ವಿವೇಕ. ವೆಬ್ಲಿ-ಫಾಸ್ಬೆರಿಯಲ್ಲಿಯೇ ಭೇದಗಳುಂಟು: .455 ಅಂಗುಲದ ತೋಟಾ ಹಿಡಿಯುವ ಆರು ಗೂಡಿನದು ಮುಖ್ಯವಾದುದು; .38 ಅಂಗುಲದ ಎಂಟು ಗೂಡಿನದು ಅತ್ಯಂತ ವಿರಳ. ಈ ಎಂಟು ಗೂಡಿನದು ಉಪಯೋಗಿಸಿದ್ದು ಪ್ರತಿಸ್ಪರ್ಧಿಯಾದ ಬ್ರೌನಿಂಗನ ಪಿಸ್ತೂಲಿಗಾಗಿ 1900ರಲ್ಲಿ ಹೊರಟ ತೋಟಾವನ್ನು ಎಂಬುದು ವಿನೋದದ ಸಂಗತಿ. ವಿವೇಕಿಯಾದವನು ಮೇಲಿನ ಭಾಗದ ಕ್ರಮಸಂಖ್ಯೆಯೂ ಹಿಡಿಯ ಕ್ರಮಸಂಖ್ಯೆಯೂ ಒಂದೇ ಆಗಿವೆಯೇ ಎಂದು ಮೊದಲು ನೋಡುವನು. ಕಾಲುವೆಗಳ ಅಂಚು ಎಷ್ಟು ಸವೆದಿದೆ, ಉಕ್ಕಿನ ಮೇಲಣ ನೀಲಛಾಯೆಯು ಮೊದಲಿನದೋ ಮಾರುವುದಕ್ಕಾಗಿ ಈಚೆಗೆ ಬಳಿದದ್ದೋ, ಮುದ್ರೆಗಳ ಅಕ್ಷರಗಳು ತೀಡಿ ತೀಡಿ ಮಸಕಾಗಿವೆಯೋ ಎಂದು ಪರೀಕ್ಷಿಸುವನು. ಹಳೆಯ ಪಾತ್ರೆಗೆ ಕಲಾಯಿ ಹಾಕಿದರೆ ಅಡಿಗೆಗೆ ಒಳ್ಳೆಯದು. ಹಳೆಯ ಆಯುಧಕ್ಕೆ ಹೊಸ ಬಣ್ಣ ಬಳಿದರೆ ಅದರ ಚರಿತ್ರೆಗೆ ಮಸಿ ಬಳಿದಂತೆಯೇ.

ವಿವರದ ನಿಷ್ಠೆಗೆ ಒಂದು ಉದಾಹರಣೆಯನ್ನು ಕೇಳಿರಿ. ಡ್ಯಾಷಿಯಲ್ ಹ್ಯಾಮೆಟ್ ಎಂಬ ಅಮೆರಿಕದ ಲೇಖಕನು 1930ರಲ್ಲಿ ಪ್ರಕಟಿಸಿದ ‘ದಿ ಮಾಲ್ಟೀಸ್ ಫಾಲ್ಕನ್’ ಎಂಬ ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಗೆ ಸಾಧನವಾದುದು ಈ ರಿವಾಲ್ವರೇ. ಅದು .38ರದು, ಎಂಟು ಗುಂಡಿನದು ಎಂದು ಆತನು ಸರಿಯಾಗಿ ಬರೆದನು. 1941ರಲ್ಲಿ ಆ ಕಥೆಯನ್ನು ಚಲಚ್ಚಿತ್ರವಾಗಿ ಮಾಡಿದವರು ಅಳತೆಯನ್ನು .45 ಎಂದು ಬದಲಾಯಿಸಿ ಗುಂಡುಗಳನ್ನು ಎಂಟೆಂದೇ ಉಳಿಸಿದರು. ಅಂಥ ರಿವಾಲ್ವರು ಲೋಕದಲ್ಲಿಲ್ಲ! ಕೋಟ್ಯಂತರ ಪ್ರೇಕ್ಷಕರು ಅದನ್ನು ಗಮನಿಸದೆ ಹೋದರೂ ಸಂಗ್ರಾಹಕನ ಕಿವಿಯು ಅಲ್ಲಿ ನಿಮಿರುತ್ತದೆ. ಸಣ್ಣ ಸಂಗತಿಯಲ್ಲಿಯೂ ಅಸತ್ಯವನ್ನು ಸಹಿಸದ ಈ ಅಭ್ಯಾಸವು, ಸಂಗ್ರಹದಿಂದ ಮನಸ್ಸಿಗೆ ಬರತಕ್ಕ ಮೊದಲನೆಯ ಲಾಭವು.

ಕ್ಷೇಮವು ಯೋಗಕ್ಕಿಂತಲೂ ಕಠಿನವಾದುದು. ಅಂಚೆಚೀಟಿಯನ್ನು ಕಾಪಾಡುವುದೆಂದರೆ ಚೀಟಿಯನ್ನು ಗೆದ್ದಲಿನಿಂದ ಕಾಪಾಡುವುದು. ಆಯುಧವನ್ನು ಕಾಪಾಡುವುದೆಂದರೆ ಆಯುಧದಿಂದ ಮನೆಮಂದಿಯನ್ನೂ ಕಾಪಾಡುವುದು. ವಯಸ್ಸಾದ ಮಾತ್ರಕ್ಕೆ ಆಯುಧವು ಸಾಧುವಾಗುವುದಿಲ್ಲ. ಈ ವಿಷಯದಲ್ಲಿ ರಾಜ್ಯಗಳ ಶಾಸನಗಳು ಬೇರೆಬೇರೆಯಾಗಿವೆ. ಅಮೆರಿಕದಲ್ಲಿ 1898ರವರೆಗೆ ತಯಾರಾದುದು ಮಾತ್ರ ಪುರಾತನವೆನ್ನಿಸುವುದು. 1901ರಲ್ಲಿ ಹುಟ್ಟಿದ ಫಾಸ್ಬೆರಿಯು ಮೂರು ವರ್ಷಗಳಿಂದ ಆ ಗೆರೆಯ ಹೊರಗುಳಿಯಿತು. ಬ್ರಿಟನ್ನಿನಲ್ಲಿ 1996ರಲ್ಲಿ ಡನ್‌ಬ್ಲೇನ್ ಎಂಬ ಊರಿನ ಶಾಲೆಯಲ್ಲಿ 16 ಎಳೆಯ ಮಕ್ಕಳೂ ಅವರ ಅಧ್ಯಾಪಕಿಯೂ ಗುಂಡಿಗೆ ಬಲಿಯಾದ ಮೇಲೆ, 1997ರ ಶಾಸನಗಳಿಂದ ಕೈಕೋವಿಗಳನ್ನು ಬಹುಮಟ್ಟಿಗೆ ನಿಷೇಧಿಸಿದರು. ಚರಿತ್ರೆಯ ಬೆಲೆಯುಳ್ಳವುಗಳಿಗೆ ಮಾತ್ರ ಕಟ್ಟುನಿಟ್ಟಾದ ವಿನಾಯಿತಿಯನ್ನಿಟ್ಟರು. ಶಾಲೆಯಲ್ಲಿ ಬದುಕನ್ನು ಸವೆಸಿದ ಯಾರಿಗೂ ಆ ನಿಷೇಧವು ಅತಿಯಾಯಿತೆಂದು ತೋರಲಾರದು. ಸಂಗ್ರಾಹಕನ ಸಂತೋಷಕ್ಕೂ ಒಂದು ಮಗುವಿನ ಪ್ರಾಣಕ್ಕೂ ತಕ್ಕಡಿ ಹಿಡಿಯುವ ಮಾತೇ ಇಲ್ಲ.

ನಮ್ಮ ದೇಶದಲ್ಲಿ 1959ರ ಆಯುಧಶಾಸನದ ಪ್ರಕಾರ ಪರವಾನಗಿಯಿಲ್ಲದೆ ಇಂಥದನ್ನು ಇಟ್ಟುಕೊಳ್ಳುವಂತಿಲ್ಲ. ಹಳೆಯ ಮಾದರಿಯ ಆಯುಧಗಳಿಗೆ ಆ ಶಾಸನದಲ್ಲಿ ವಿನಾಯಿತಿಯುಂಟು. ಆದರೆ ರಿಪೇರಿ ಮಾಡಿದರೂ ಹಾರದಂಥವುಗಳಿಗೆ ಮಾತ್ರ. 2019ರ ತಿದ್ದುಪಡಿಯು ಒಬ್ಬ ವ್ಯಕ್ತಿಯು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ವಂಶದಿಂದ ಬಂದವುಗಳೂ ಆ ಲೆಕ್ಕಕ್ಕೆ ಸೇರಿದವೇ. ಆದ್ದರಿಂದ ಅಟ್ಟದ ಮೇಲಣ ಪೆಟ್ಟಿಗೆಯಲ್ಲಿ ತಾತನವರ ಕಾಲದ ಪಿಸ್ತೂಲೊಂದು ಸಿಕ್ಕಿತೆಂದಾದರೆ ‘ಹಳೆಯದು, ಏನಾದೀತು’ ಎಂದು ಮಕ್ಕಳ ಕೈಗೆ ಆಟಕ್ಕೆ ಕೊಡಬೇಡಿರಿ. ತುಂಬಿದ ಆಯುಧವೆಂದೇ ಭಾವಿಸಿ, ಮುಟ್ಟದೆ, ಪೊಲೀಸ್ ಠಾಣೆಗೆ ತಿಳಿಸಿರಿ. ಇಂಥವುಗಳನ್ನು ನೋಡಿ ತಿಳಿಯಬೇಕೆಂಬ ಕುತೂಹಲವಿರುವವರಿಗೆ ವಸ್ತುಸಂಗ್ರಹಾಲಯಗಳುಂಟು. ಇಂಗ್ಲೆಂಡಿನ ಲೀಡ್ಸ್ ನಗರದ ರಾಯಲ್ ಆರ್ಮರೀಸ್ ಸಂಸ್ಥೆಯ ಸಂಗ್ರಹದಲ್ಲಿ ವೆಬ್ಲಿ-ಫಾಸ್ಬೆರಿಯೂ ಇದೆ. ವಸ್ತುವನ್ನು ಕೂಡಿಡಲಾಗದವರೂ ಅದರ ವಿದ್ಯೆಯನ್ನು ಕೂಡಿಡಬಹುದು. ಅದಕ್ಕೆ ಪರವಾನಗಿಯೂ ಬೇಡ, ಕಪಾಟೂ ಬೇಡ.

ಕ್ಷೇಮದ ಮತ್ತೊಂದು ಅಂಗವಿದೆ. ಅದನ್ನು ಅನೇಕರು ಮರೆಯುತ್ತಾರೆ. ವಸ್ತುವನ್ನು ಕಾಪಾಡಿದರೆ ಸಾಲದು. ಅದರ ಕಥೆಯನ್ನು ಪೂರ್ತಿಯಾಗಿ ಕಾಪಾಡಬೇಕು. ಫಾಸ್ಬೆರಿಗೆ ಪದಕವು ಬಂದ ಕದನದ ವಿಷಯವನ್ನು ಹೇಳುವೆನೆಂದಿದ್ದೆನಷ್ಟೆ. 1863ರ ಅಕ್ಟೋಬರ್ 30ರಂದು, ಇಂದು ಪಾಕಿಸ್ತಾನಕ್ಕೆ ಸೇರಿರುವ ಅಂಬೇಲಾ ಕಣಿವೆಯಲ್ಲಿ, ಬಂಡೆಯ ನೆತ್ತಿಯ ಮೇಲಣ ಒಂದು ಠಾಣೆಯನ್ನು ಗಡಿನಾಡಿನವರು ಬ್ರಿಟಿಷರ ಕೈಯಿಂದ ಕಸಿದುಕೊಂಡಿದ್ದರು. ದಾರಿಯು ಏಕಕಾಲದಲ್ಲಿ ಒಬ್ಬಿಬ್ಬರು ಮಾತ್ರ ಹತ್ತಬಹುದಾದಷ್ಟು ಇಕ್ಕಟ್ಟು. ಫಾಸ್ಬೆರಿಯು ಒಂದು ತುಕಡಿಯ ಮುಂದಾಳಾಗಿ ಹತ್ತಿ, ತನ್ನ ಪಕ್ಕದಿಂದ ಮೊದಲು ನೆತ್ತಿಯನ್ನು ಮುಟ್ಟಿದನು. ಇದು ನಿಶ್ಚಯವಾಗಿಯೂ ಧೈರ್ಯವು. ಆದರೆ ಆತನ ಪ್ರಶಸ್ತಿಪತ್ರದಲ್ಲಿಯೇ, ಆ ಕೈಕೈ ಕಾಳಗದಲ್ಲಿ ಎದುರಾಳಿಗಳ ಕಡೆ 60 ಮಂದಿ ಹತರಾದರೆಂದು ನಮೂದಾಗಿದೆ. ಪದಕ ಪಡೆದವನ ಹೆಸರು ಉಳಿದಿದೆ. ಆ 60 ಮಂದಿಯ ಹೆಸರು ಅದರಲ್ಲಿಲ್ಲ. ಅವರಿಗೂ ಮನೆಯಿತ್ತು, ಮನೆಯಲ್ಲಿ ಕಾಯುವವರಿದ್ದರು. ಬ್ರಿಟಿಷರ ಪಕ್ಷದಲ್ಲಿ ಹೋರಾಡಿದ ಭಾರತೀಯ ಸಿಪಾಯಿಗಳು ಎಷ್ಟೇ ಧೈರ್ಯ ತೋರಿದರೂ 1911ರವರೆಗೆ ಆ ಪದಕಕ್ಕೆ ಅರ್ಹರೆಂದೇ ಎಣಿಸಲ್ಪಡುತ್ತಿರಲಿಲ್ಲ. ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಕಾರ್ಖಾನೆಯ ಹೆಸರನ್ನೂ ಪದಕದ ಹೆಸರನ್ನೂ ಬರೆದು ಇಷ್ಟನ್ನು ಬಿಟ್ಟುಬಿಟ್ಟರೆ, ಅದು ಅರ್ಧ ಕ್ರಮಸಂಖ್ಯೆಯನ್ನು ತೀಡಿಹಾಕಿದ ಆಯುಧದಂತೆಯೇ ಕೃತ್ರಿಮವಾದುದು. ಉಕ್ಕಿನ ಮೇಲೆ ಸಣ್ಣ ಸುಳ್ಳನ್ನು ಸಹಿಸದ ಸಂಗ್ರಾಹಕನು ಕಥೆಯಲ್ಲಿ ದೊಡ್ಡ ಮರೆವನ್ನು ಸಹಿಸಬಹುದೇ?

ಮಹಾನವಮಿಯ ದಿವಸ ನಾವು ಆಯುಧಗಳನ್ನು ತೊಳೆದು, ಕುಂಕುಮವಿಟ್ಟು, ಹೂವೇರಿಸಿ ಪೂಜಿಸುತ್ತೇವೆ. ಕತ್ತಿಗೂ ಕೊಡಲಿಗೂ, ಬಡಗಿಯ ಉಳಿಗೂ ಆ ದಿನ ಕೆಲಸವಿಲ್ಲ. ಕೆಲಸವಿಲ್ಲದಿರುವಾಗ ಅದನ್ನು ಎದುರಿಗಿಟ್ಟು ನೋಡಿ, ಇದರಿಂದ ನಾವು ಏನು ಮಾಡಿದೆವು, ಏನು ಮಾಡಬಾರದಾಗಿತ್ತು ಎಂದು ಯೋಚಿಸುವುದಕ್ಕೆ ಅವಕಾಶವುಂಟು. ಸಂಗ್ರಾಹಕನ ಕಪಾಟಿನಲ್ಲಿ ಆಯುಧಕ್ಕೆ ನಿತ್ಯವೂ ನವಮಿಯೇ. ಅಲ್ಲಿ ಅದು ಇನ್ನೆಂದಿಗೂ ಹಾರಬಾರದು. ಆದರೆ ಅದನ್ನು ಕಲ್ಪಿಸಿದ ಬುದ್ಧಿಯನ್ನೂ, ಅದು ಸೋತ ಕಾರಣವನ್ನೂ, ಆ ಕಾಲದ ಕದನಗಳಲ್ಲಿ ಹೆಸರಿಲ್ಲದೆ ಬಿದ್ದವರನ್ನೂ ನೋಡುವವರಿಗೆ ಹೇಳುತ್ತಿರಬೇಕು. ಅಷ್ಟನ್ನು ನಡೆಸಬಲ್ಲವನ ಸಂಗ್ರಹವು ವಿದ್ಯೆ; ನಡೆಸಲಾರದವನದು ಬರಿಯ ಕಬ್ಬಿಣದ ರಾಶಿ.